ಅಂಗಳದ ತನಕ

ನೇಪಾಳಕ್ಕೆ ಹೋಗಿ ಬಂದೆ ಎಂದರೆ ನಮ್ಮ ಕಡೆಯ ಹೆಂಗಸರು ಮೊದಲು ಕೇಳುತ್ತಿದ್ದುದು ಪಶುಪತಿನಾಥನ ದರ್ಶನವಾಯಿತೇ ಎಂದಲ್ಲ, "ಏನೇನು ತಂದ್ರಿ?" ಎಂದು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಕಾಶಿಯಾತ್ರೆಗೆ ಹೊರಟ ಬಸ್ಸುಗಳು ಗೋರಖಪುರ ದಾಟಿ ಕಾಠ್ಮಂಡುವಿಗೂ ಹೋಗಿ ಬರುತ್ತಿದ್ದವು. ಹೋದವರು ಮಡಚುವ ಕೊಡೆ, ಜಪಾನಿನ ನೈಲಾನ್ ಸೀರೆ, ಟೇಪ್‌ರೆಕಾರ್ಡರ್, ಥರ್ಮಾಸ್ ಫ್ಲಾಸ್ಕ್ ಎಂದು ಚೀಲ ತುಂಬಿಕೊಂಡು ಬರುತ್ತಿದ್ದರು. ಇವುಗಳಲ್ಲಿ ಒಂದೂ ನೇಪಾಳದ್ದಲ್ಲ. ಇನ್ನು ಪಶುಪತಿನಾಥನನ್ನು ಪೂಜಿಸುವ ಭಟ್ಟರೋ, ಅವರು ನಮ್ಮ ಕರ್ನಾಟಕದ ಕಡೆಯವರೇ. ಕನ್ನಡ ಬಲ್ಲ ಭಟ್ಟರ ಕೈಯಿಂದ ಪ್ರಸಾದ ತೆಗೆದುಕೊಂಡು, ಜಪಾನಿನ ಸೀರೆ ಕೊಂಡು ಬಂದರೆ ನೇಪಾಳವನ್ನು ನೋಡಿದ ಹಾಗಾಯಿತೇ ಎಂದು ನನ್ನ ತಂಗಿ ನಗುತ್ತಿದ್ದಳು.

ಈಗ ಫಾರಿನ್ ಸಾಮಾನಿನ ಹುಚ್ಚು ಇಳಿದಿದೆ. ಅದರ ಜಾಗಕ್ಕೆ ಪಶ್ಮೀನಾ ಶಾಲು ಬಂದಿದೆ, ಹಾಡುವ ಬಟ್ಟಲು ಬಂದಿದೆ. ರಸ್ತೆಬದಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಶಾಲಿನಲ್ಲಿ ಪಶ್ಮೀನಾ ಎಷ್ಟು, ರೇಯಾನ್ ಎಷ್ಟು ಎಂಬುದನ್ನು ವಿಚಾರಿಸದಿರುವುದೇ ಮನಸ್ಸಿಗೆ ಒಳ್ಳೆಯದು. ಹಾಡುವ ಬಟ್ಟಲು ಎಂದರೆ ಕಂಚಿನ ಬಟ್ಟಲು; ಅಂಚಿನ ಸುತ್ತ ಮರದ ಕೋಲು ಆಡಿಸಿದರೆ ಹೂಂಗುಟ್ಟುತ್ತದೆ. ಬಿಳಿಯರು ಅದರ ಮುಂದೆ ಕಣ್ಣು ಮುಚ್ಚಿ ಕೂರುವುದನ್ನು ಕಂಡಾಗ ನನಗೆ ನಮ್ಮಜ್ಜಿಯ ಮನೆಯ ಕಂಚಿನ ಪಾತ್ರೆಗಳ ನೆನಪಾಗುತ್ತಿತ್ತು. ಹುಣಸೆಹಣ್ಣು ಹಾಕಿ ತಿಕ್ಕುವಾಗ ಅವೂ ಹೀಗೆಯೇ ಹಾಡುತ್ತಿದ್ದವು. ಆಗ ಯಾರೂ ಧ್ಯಾನ ಮಾಡಲಿಲ್ಲ.

ಅಂಗಡಿಯಲ್ಲಿ ಸಿಗುವುದು ಒಂದು ನೇಪಾಳ. ಮೈಮೇಲೆ ಉಡುವ, ಮದುವೆಯಲ್ಲಿ ಕಿವಿ ತುಂಬುವ ನೇಪಾಳ ಇನ್ನೊಂದು. ನಾನು ಅದನ್ನು ಕಂಡದ್ದು ಪೋಖರಾದಲ್ಲಿ. ಮಣಿಪಾಲದವರು 1994ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜು ತೆರೆದ ಮೇಲೆ ನಮ್ಮ ಕರಾವಳಿಯ ಕೆಲವು ಕುಟುಂಬಗಳು ಅಲ್ಲಿಗೆ ಹೋಗಿ ನೆಲೆಸಿದವು. ನನ್ನ ತಂಗಿಯ ಸಂಸಾರವೂ ಅದರಲ್ಲೊಂದು. 1998ರಲ್ಲಿ ಅವಳ ಬಾಣಂತನಕ್ಕೆಂದು ಹೋದವಳು ಎರಡೂವರೆ ತಿಂಗಳು ಅಲ್ಲಿದ್ದೆ. ಬೆಳಗ್ಗೆ ಅಂಗಳಕ್ಕೆ ಬಂದರೆ ಮೀನಿನ ಬಾಲದಂಥ ತುದಿಯ ಮಾಛಾಪುಛ್ರೆ ಪರ್ವತ. ಮಧ್ಯಾಹ್ನ ಬಟ್ಟೆ ಒಣಗಿಸುವ ಕೆಲಸ.

ಬಾಣಂತಿಯನ್ನು ನೋಡಲು ಬಂದ ಪಕ್ಕದ ಮನೆಯ ದೀದಿ ಮೊದಲು ನೋಡಿದ್ದು ಅವಳ ಸೊಂಟವನ್ನು. "ಪಟುಕಾ ಕಟ್ಟಲಿಲ್ಲವೇ?" ಎಂದು ಕೇಳಿದಳು. ಪಟುಕಾ ಎಂದರೆ ಉದ್ದನೆಯ ಹತ್ತಿಬಟ್ಟೆ. ಸೊಂಟಕ್ಕೆ ಸುತ್ತು ಸುತ್ತಾಗಿ ಬಿಗಿಯುತ್ತಾರೆ. ನಮ್ಮಲ್ಲಿ ಬಾಣಂತಿಗೆ ಹಳೆ ಸೀರೆ ಹರಿದು ಸೊಂಟ ಕಟ್ಟುತ್ತೇವಲ್ಲ, ಅದೇ ವಿದ್ಯೆ. ಅಲ್ಲಿಯ ಬೆಟ್ಟದ ಹೆಂಗಸರಿಗೆ ಅದು ಬಾಣಂತನಕ್ಕಷ್ಟೇ ಅಲ್ಲ, ದಿನವೂ ಬೇಕು. ಬೆನ್ನಿನ ಮೇಲೆ ಡೋಕೋ ಬುಟ್ಟಿ ಹೊತ್ತು ಏರು ಹತ್ತುವವರಿಗೆ ನಡುವಿಗೆ ಆಧಾರ. ಕುಡುಗೋಲು ಸಿಕ್ಕಿಸಿಕೊಳ್ಳುವುದೂ ಅಲ್ಲೇ, ದುಡ್ಡಿನ ಗಂಟು ಇಟ್ಟುಕೊಳ್ಳುವುದೂ ಅಲ್ಲೇ. ಹೆಂಗಸರ ಉಡುಪಿಗೆ ಜೇಬಿಲ್ಲವೆಂದು ನಾವು ಈಗಲೂ ದೂರುತ್ತೇವೆ. ಅವರು ಸೊಂಟದಲ್ಲೇ ಜೇಬು ಮಾಡಿಕೊಂಡಿದ್ದಾರೆ.

ಅವರ ರವಿಕೆಯ ಹೆಸರು ಚೌಬಂದಿ ಚೋಲೋ. ನಾಲ್ಕು ಕಡೆ ಕಸೆ ಕಟ್ಟುವುದರಿಂದ ಚೌಬಂದಿ. ಮುಂಭಾಗದ ಒಂದು ಮಡಿಕೆ ಇನ್ನೊಂದರ ಮೇಲೆ ಓರೆಯಾಗಿ ಬರುತ್ತದೆ; ಎರಡು ಕಸೆ ಒಳಗೆ, ಎರಡು ಹೊರಗೆ. ಗುಂಡಿಯಿಲ್ಲ, ಹುಕ್ಕಿಲ್ಲ. ಮೈ ತುಂಬಿದರೆ ಕಸೆ ಸಡಿಲಿಸಿದರಾಯಿತು, ಬಡವಾದರೆ ಬಿಗಿದರಾಯಿತು. ಮಗುವಿಗೆ ಹಾಲೂಡಿಸಲಿಕ್ಕೂ ಸಲೀಸು. ಹುಡುಗಿ ದೊಡ್ಡವಳಾಗುವ ಮೊದಲು, ಏಳು, ಒಂಬತ್ತು, ಹನ್ನೊಂದು ಹೀಗೆ ಬೆಸಸಂಖ್ಯೆಯ ವರ್ಷದಲ್ಲಿ ಅವಳಿಗೆ ಮೊದಲ ಗುನ್ಯೂ ಚೋಲೋ, ಅಂದರೆ ಸೀರೆ ರವಿಕೆ, ಕೊಡುವ ಶಾಸ್ತ್ರವುಂಟು. ಗಂಡಸರ ದೌರಾ ಅಂಗಿಗೆ ಎಂಟು ಕಸೆ. ಅವನ್ನು ಅಷ್ಟಮಾತೃಕೆಯರೆಂದು ಹೇಳುತ್ತಾರೆ. ತಲೆಗೆ ಢಾಕಾ ಟೋಪಿ. ಹೆಸರು ಬಂಗಾಳದ ಢಾಕಾದಿಂದ ಬಂದದ್ದು. ಪಾಲ್ಪಾದಲ್ಲಿ 1950ರ ದಶಕದ ಕೊನೆಗೆ ಗಣೇಶಮಾನ್ ಮಹರ್ಜನ್ ಎಂಬವರು ಮಗ್ಗ ಹಾಕಿ ಈ ಬಟ್ಟೆಯನ್ನು ಮನೆಮಾತು ಮಾಡಿದರು. ಸರ್ಕಾರಿ ಕಾಗದಪತ್ರದ ಫೋಟೋಗಳಲ್ಲಿ ಗಂಡಸರ ತಲೆಮೇಲೆ ಈ ಟೋಪಿ ಇರಲೇಬೇಕೆಂದು ಮಾಡಿದ್ದು ರಾಜಾ ಮಹೇಂದ್ರ.

ಇದನ್ನೆಲ್ಲ ಹೊಲಿಯುವವರು ಯಾರು ಎಂದು ನಾನು ಕೇಳಲು ಹೋಗಿರಲಿಲ್ಲ. ಅದು ತಾನಾಗಿ ತಿಳಿಯಿತು.

ಫಾಗುನ್ ಮಾಸದಲ್ಲಿ ದೀದಿಯ ಮಗಳ ಮದುವೆ. ಗಂಡಿನ ದಿಬ್ಬಣ ತಿರುವಿನಲ್ಲಿ ಕಾಣುವ ಮೊದಲೇ ಸದ್ದು ಬಂತು. ಮುಂದೆ ನರಸಿಂಘಾ, ಬಾಗಿದ ತಾಮ್ರದ ಉದ್ದ ಕಹಳೆ, ನಮ್ಮ ದೇವಸ್ಥಾನದ ಕೊಂಬಿನ ಅಣ್ಣನೋ ತಮ್ಮನೋ ಎನ್ನುವಂತಿತ್ತು. ಹಿಂದೆ ದಮಾಹಾ ಎಂಬ ತಾಮ್ರದ ನಗಾರಿ, ಸೊಂಟಕ್ಕೆ ಕಟ್ಟಿಕೊಂಡು ಎರಡು ಕಡ್ಡಿಯಲ್ಲಿ ಬಡಿಯುವ ಪುಟ್ಟ ಟ್ಯಾಮ್ಕೋ, ಡೋಲಕಿ, ಝ್ಯಾಲಿ ಎಂಬ ತಾಳ, ಮತ್ತೆ ಸನಾಯಿ. ಅವರ ಸನಾಯಿ ನಮ್ಮ ಓಲಗದಷ್ಟು ನೇರವಲ್ಲ, ತುಸು ಬಾಗಿರುತ್ತದೆ. ನುಡಿಸುವವರು ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು ಉಸಿರು ಕಡಿಯದಂತೆ ನುಡಿಸುವುದು ಮಾತ್ರ ನಮ್ಮವರ ಹಾಗೆಯೇ. ಮೇಳಕ್ಕೆ ಪಂಚೆ ಬಾಜಾ ಎಂದು ಹೆಸರು. ಒಂಬತ್ತು ಜನ ಕೂಡಿದರೆ ನೌಮತಿ ಬಾಜಾ. ಮಂಗಳ ಬಾಜಾ ಎಂದೂ ಕರೆಯುತ್ತಾರೆ. ಅದು ನುಡಿದರೇ ಮಂಗಳ.

ಟ್ಯಾಮ್ಕೋ ಬಡಿಯುತ್ತಿದ್ದವರನ್ನು ಎಲ್ಲೋ ಕಂಡ ಹಾಗೆ ಅನ್ನಿಸಿತು. ನಮ್ಮ ಓಣಿಯ ಬಾಯಲ್ಲೇ ಅಂಗಡಿಯಿಟ್ಟಿದ್ದ ಮಾಸ್ಟರ್! ತಂಗಿಯ ರವಿಕೆ ಸಡಿಲ ಮಾಡಿಸಲು ಹಿಂದಿನ ವಾರವಷ್ಟೇ ಅವರ ಹತ್ತಿರ ಹೋಗಿದ್ದೆ. ಅಂದು ಕೊರಳಲ್ಲಿ ಟೇಪು, ಇಂದು ಸೊಂಟದಲ್ಲಿ ಟ್ಯಾಮ್ಕೋ. ದೀದಿಗೆ ಹೇಳಿದರೆ ಅವಳಿಗೆ ಆಶ್ಚರ್ಯವೇ ಇಲ್ಲ. "ಅವನೇ ಹೊಲಿಯೋದು, ಅವನೇ ಬಾರಿಸೋದು. ದಮಾಯಿ ತಾನೇ?" ಮಾಸ್ಟರ್‌ಗೆ ಐವತ್ತೈದು ದಾಟಿತ್ತು, ದೀದಿಗೆ ಇನ್ನೂ ನಲವತ್ತೈದಿಲ್ಲ. ನೇಪಾಳಿಯಲ್ಲೂ ನಮ್ಮ ಹಾಗೆ ನೀನು, ನೀವು ಎಂಬ ಭೇದವಿದೆ. ನಮಗಿಂತ ಒಂದು ಮೆಟ್ಟಿಲು ಹೆಚ್ಚೇ ಇದೆ. ಮಾಸ್ಟರ್‌ಗೆ ಸಿಗುತ್ತಿದ್ದುದು ತೀರ ಕೆಳಗಿನ ಮೆಟ್ಟಿಲು.

ದಮಾಹಾ ಬಾರಿಸುವವರು ದಮಾಯಿ. ಸೂಜಿಯೂ ಅವರ ಕೈಯಲ್ಲೇ, ಮಂಗಳವಾದ್ಯವೂ ಅವರ ಕೈಯಲ್ಲೇ. ಹಳ್ಳಿಗಳಲ್ಲಿ ಅವರು ದಸೈಂ ಹಬ್ಬಕ್ಕೆ ಮೊದಲು ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರವನ್ನು ಬೆನ್ನಿಗೆ ಹೊತ್ತು ಒಕ್ಕಲಿನವರ ಮನೆಮನೆಗೆ ಹೋಗಿ, ಅಂಗಳದಲ್ಲಿ ಕೂತು ಇಡೀ ಮನೆಗೆ ಬಟ್ಟೆ ಹೊಲಿದುಕೊಡುತ್ತಿದ್ದರು. ಕೂಲಿ ದುಡ್ಡಲ್ಲ, ಸುಗ್ಗಿಯಲ್ಲಿ ಇಷ್ಟು ಧಾನ್ಯ ಎಂದು ಲೆಕ್ಕ. ಬಾಲಿ ಎನ್ನುತ್ತಾರೆ. ನಮ್ಮ ಹಳ್ಳಿಗಳ ಆಯಗಾರರಿಗೆ ಕಣದಲ್ಲಿ ಆಯ ಅಳೆದುಕೊಡುತ್ತಿದ್ದರಲ್ಲ, ಅದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಳೆಯುವ ಕೊಳಗ ಎಂದೂ ಅಳೆಸಿಕೊಳ್ಳುವವರ ಕೈಯಲ್ಲಿರುವುದಿಲ್ಲ.

ಮದುವೆಯ ಒಂದೊಂದು ಹೊತ್ತಿಗೂ ಒಂದೊಂದು ಧಾಟಿಯಿದೆ. ದಿಬ್ಬಣ ನಡೆಯುವಾಗ ಒಂದು, ಊಟದ ಹೊತ್ತಿಗೆ ಒಂದು. ಮದುಮಗಳನ್ನು ಕಳಿಸಿಕೊಡಿ ಎಂದು ಕೇಳುವುದಕ್ಕೇ ಒಂದು ಧಾಟಿ, ಬೇಹುಲಿ ಮಾಗ್ನೆ. ಅದರಲ್ಲಿ ಸನಾಯಿ ಹುಡುಗಿಯ ಅಳುವನ್ನು ಅನುಸರಿಸುತ್ತದೆ. ಬಿಕ್ಕು, ತಡೆದ ಉಸಿರು, ಮತ್ತೆ ಬಿಕ್ಕು. ನನಗೆ ಒಂದು ಮಾತೂ ಅರ್ಥವಾಗದ ಆ ಮನೆಯಲ್ಲಿ, ನೆಂಟಳಲ್ಲದ ಆ ಹುಡುಗಿಗಾಗಿ ನನ್ನ ಕಣ್ಣು ತುಂಬಿ ಬಂತು. ದೀದಿ ಗೋಡೆಗೆ ಒರಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ತಾಯಿಯ ಸಂಕಟವನ್ನು ಇಷ್ಟು ಚೆನ್ನಾಗಿ ಬಲ್ಲ ಆ ಮನುಷ್ಯ ಆ ಮನೆಯ ಹೊಸ್ತಿಲು ದಾಟಿದವನಲ್ಲ.

ಅದು ಗೊತ್ತಾದದ್ದು ಊಟದಲ್ಲಿ. ಮೇಲಿನ ಜಗಲಿಯಲ್ಲಿ ನೆಂಟರ ಪಂಕ್ತಿ. ಒಂಬತ್ತು ಜನ ವಾದ್ಯದವರು ಅಂಗಳದ ಕೆಳ ಅಂಚಿನಲ್ಲಿ, ಸೌದೆ ಒಟ್ಟಿದ ಕಡೆ ಕೂತಿದ್ದರು. ಅವರ ಎಲೆಗೆ ಅನ್ನ ಮೇಲಿನಿಂದ ಬಿತ್ತು. ಬೊಗಸೆಗೆ ನೀರು ಮೇಲಿನಿಂದ ಬಿತ್ತು. ಯಾರೂ ಒರಟಾಗಿ ಆಡಲಿಲ್ಲ, ಕಡಿಮೆ ಬಡಿಸಲೂ ಇಲ್ಲ. ದೀದಿಯೇ ಎರಡು ಸಲ ಬಂದು, "ಇನ್ನೂ ಬಡಿಸಿ, ಇನ್ನೂ ಬಡಿಸಿ" ಎಂದು ಹೇಳಿ ಹೋದಳು. ಅಂತರ ಮಾತ್ರ ಒಂದು ಗೇಣೂ ಕಡಿಮೆಯಾಗಲಿಲ್ಲ.

ದೀದಿಯ ಅತ್ತೆ, ಎಂಬತ್ತರ ಮುದುಕಿ, ಬಿಸಿಲು ಕಾಯಿಸಿಕೊಳ್ಳುತ್ತ ಮರುದಿನ ನನಗೆ ಹಿಂದಿಯಲ್ಲಿ ವಿವರಿಸಿದಳು. ಈಗೇನೂ ಇಲ್ಲ, ಎಲ್ಲ ಸಡಿಲಾಗಿದೆ. ತಾನು ಸೊಸೆಯಾಗಿ ಬಂದಾಗ ಅಂಥವರು ತಾಗಿದರೆ ಸುನ್‌ಪಾನಿ ಚಿಮುಕಿಸಿಕೊಳ್ಳಬೇಕಿತ್ತು. ಸುನ್‌ಪಾನಿ ಎಂದರೆ ಚಿನ್ನ ಮುಟ್ಟಿಸಿದ ನೀರು. ಇದು ಬರಿಯ ರೂಢಿಯಲ್ಲ, ಕಾನೂನೇ ಆಗಿತ್ತು. ಜಂಗಬಹಾದೂರ್ ರಾಣಾ 1854ರಲ್ಲಿ ಮಾಡಿಸಿದ ಮುಲುಕಿ ಐನ್‌ನಲ್ಲಿ ಯಾರ ಕೈನೀರು ಕುಡಿಯಬಹುದು, ಯಾರ ಕೈನೀರು ಕುಡಿಯಬಾರದು, ಯಾರು ಮುಟ್ಟಿದರೆ ನೀರು ಚಿಮುಕಿಸಿಕೊಳ್ಳಬೇಕು ಎಂದು ಜಾತಿ ಜಾತಿಯಾಗಿ ಬರೆದಿಟ್ಟಿದ್ದರು. ಜಂಗಬಹಾದೂರ್ ಅದಕ್ಕೆ ನಾಲ್ಕು ವರ್ಷ ಮೊದಲು, 1850ರಲ್ಲಿ, ಇಂಗ್ಲೆಂಡಿಗೆ ಹೋಗಿ ರಾಣಿ ವಿಕ್ಟೋರಿಯಾಳ ಆತಿಥ್ಯ ಪಡೆದು ಬಂದವನು. ಆದರೆ ಅವನ ಪುಸ್ತಕದಲ್ಲಿ ಬಿಳಿಯರೂ ನೀರು ಮುಟ್ಟಬಾರದವರೇ! ದಮಾಯಿ, ಕಾಮಿ, ಸಾರ್ಕಿ, ಗಾಯಿನೆಗಳು ಅವರಿಗಿಂತಲೂ ಕೆಳಗೆ, ತಾಗಲೇಬಾರದವರು. 1963ರ ಹೊಸ ಕಾನೂನು ಇದನ್ನು ತೆಗೆದುಹಾಕಿತು. 2011ರಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ವಿಧಿಸುವ ಬೇರೆ ಕಾಯ್ದೆಯೇ ಬಂತು. ನಾನು ಕಂಡ ಮದುವೆ ಇವೆರಡರ ನಡುವೆ ನಡೆದದ್ದು.

ಮುದುಕಿ ಹೇಳಿದ ಸುನ್‌ಪಾನಿ ನನ್ನ ತಲೆಯಲ್ಲಿ ಬಹಳ ದಿನ ಸುತ್ತುತ್ತಿತ್ತು. ಅವಳ ಕೊರಳಲ್ಲಿದ್ದ ತಿಲಹರಿಯನ್ನು, ಗಂಡುಳ್ಳವರು ಮಣಿಸರದ ನಡುವೆ ಪೋಣಿಸಿಕೊಳ್ಳುವ ಆ ಚಿನ್ನದ ಕೊಳವೆಯನ್ನು, ಮಾಡಿದವನು ಸುನಾರ. ಆ ಕಾನೂನಿನಲ್ಲಿ ಸುನಾರನೂ ತಾಗಬಾರದವನೇ. ಅವನ ಕೈ ಬಡಿದು ಬಡಿದು ರೂಪ ಕೊಟ್ಟ ಚಿನ್ನವನ್ನು ನೀರಿಗೆ ಮುಟ್ಟಿಸಿ, ಆ ನೀರಿನಿಂದ ಅವನದೇ ಮೈಲಿಗೆಯನ್ನು ಕಳೆದುಕೊಳ್ಳುತ್ತಿದ್ದರು! ತಿಲಹರಿಯ ಜೊತೆ ಹಾಕುವ ಪೋತೆ, ನಮ್ಮ ಕರಿಮಣಿಯಂತೆ ಮದುವೆಯ ಗುರುತಾದ ಗಾಜಿನ ಮಣಿಸರ. ಕಾಠ್ಮಂಡುವಿನ ಇಂದ್ರಚೌಕದ ಹತ್ತಿರದ ಓಣಿಯಲ್ಲಿ ಅದನ್ನು ತಲೆಮಾರುಗಳಿಂದ ಪೋಣಿಸಿ ಮಾರುತ್ತ ಬಂದವರು ಮುಸಲ್ಮಾನರು. ರವಿಕೆ ದಮಾಯಿಯದು, ವಾದ್ಯ ದಮಾಯಿಯದು, ಖುಕುರಿ ಕಾಮಿಯದು. ಒಬ್ಬ ಮುತ್ತೈದೆಯನ್ನು ಮುತ್ತೈದೆಯಾಗಿ ಮಾಡುವ ಸಾಮಾನುಗಳಲ್ಲಿ ಒಳಮನೆಗೆ ಬರಬಲ್ಲವರ ಕೈಯಿಂದ ಆದದ್ದು ಎಷ್ಟು ಎಂದು ಎಣಿಸುತ್ತ ಹೋದರೆ ಬೆರಳು ಮಡಚುವ ಕೆಲಸವೇ ಇರುವುದಿಲ್ಲ.

ನೇಪಾಳದವರನ್ನು ಕುರಿತು ಇಷ್ಟು ಹೇಳಿ ನಾವು ಸುಮ್ಮನಾಗುವಂತಿಲ್ಲ. ನಮ್ಮ ಅಜ್ಜನ ಮನೆಯ ಮದುವೆಗಳಲ್ಲಿ ವಾದ್ಯದವರು ಚಪ್ಪರದ ಅಂಚಿನಲ್ಲಿ ಚಾಪೆ ಹಾಸಿ ಕೂರುತ್ತಿದ್ದರು. ಅವರ ಎಲೆ ಬೀಳುತ್ತಿದ್ದುದು ಎಲ್ಲ ಪಂಕ್ತಿ ಮುಗಿದ ಮೇಲೆ, ಬೇರೆ ಕಡೆ. ನಾನು ಹತ್ತು ವರ್ಷದವಳಿದ್ದಾಗ, ಬೆಳಗಿನಿಂದ ಊದಿದವರಿಗೆ ಹಸಿವಾಗುವುದಿಲ್ಲವೇ ಎಂದು ಅಜ್ಜಿಯನ್ನು ಕೇಳಿದ್ದೆ. "ಅವರದ್ದು ಕಡೆಗೆ ಮಗಾ" ಎಂದಳು. ಅದೇ ಅಜ್ಜಿ ಓಲಗದವರು ಬರುವುದು ತುಸು ತಡವಾದರೆ ಬಾಗಿಲಿಗೂ ಬಚ್ಚಲಿಗೂ ತಿರುಗುತ್ತ, "ಗಟ್ಟಿಮೇಳ ಇಲ್ಲದೆ ತಾಳಿ ಕಟ್ಟುವುದುಂಟಾ?" ಎಂದು ಕಂಗಾಲಾಗುತ್ತಿದ್ದಳು. ಎರಡು ಮಾತೂ ಅವಳಿಗೆ ಒಂದೇ ಬಾಯಲ್ಲಿ, ಒಂದಕ್ಕೊಂದು ತಾಗದೆ ಇರುತ್ತಿದ್ದವು. ಒಳ್ಳೆಯ ಹೆಂಗಸು ನಮ್ಮಜ್ಜಿ. ದೀದಿಯೂ ಒಳ್ಳೆಯವಳೇ. ಅದೇ ತೊಡಕು.

ಪೋಖರಾದ ಪಕ್ಕದಲ್ಲೇ ಬಾಟುಲೆಚೌರ್ ಎಂಬ ಹಳ್ಳಿ. ಅದು ಗಾಯಿನೆಗಳ, ಈಗ ಗಂಧರ್ವರೆಂದು ಕರೆದುಕೊಳ್ಳುವವರ ಊರು. ಒಂದೇ ಮರದ ತುಂಡನ್ನು ಕೊರೆದು, ಕೆಳಭಾಗಕ್ಕೆ ಚರ್ಮ ಬಿಗಿದು, ನಾಲ್ಕು ತಂತಿ ಕಟ್ಟಿ ಸಾರಂಗಿ ಮಾಡುತ್ತಾರೆ. ನಮ್ಮ ಸಂಗೀತ ಕಚೇರಿಯ ಸಾರಂಗಿಯ ಮುಂದೆ ಅದು ಮಗುವಿನ ಆಟಿಕೆಯಷ್ಟು. ಪತ್ರಿಕೆ, ರೇಡಿಯೋ ಇಲ್ಲದ ಕಾಲದಲ್ಲಿ ಅವರು ಬೆಟ್ಟದಿಂದ ಬೆಟ್ಟಕ್ಕೆ ನಡೆದು ಸುದ್ದಿಯನ್ನು ಹಾಡಾಗಿ ಒಯ್ಯುತ್ತಿದ್ದರು. ಅಂಗಳದಲ್ಲಿ ನಿಂತು ಹಾಡಿ, ಕಾಳು ಪಡೆದು ಮುಂದಿನ ಮನೆಗೆ ಹೋಗುತ್ತಿದ್ದರು. ಆ ಊರಿನ ಝಲಕಮಾನ್ ಗಂಧರ್ವ ರೇಡಿಯೋ ನೇಪಾಳದಲ್ಲಿ ಹಾಡಿದ ಒಂದು ಹಾಡು ಅಲ್ಲಿ ಮನೆಮನೆಯ ಹಾಡು. ಪರದೇಶದ ಯುದ್ಧದಲ್ಲಿ ಸಾಯುತ್ತಿರುವ ಸಿಪಾಯಿ, ಊರಿನಲ್ಲಿ ತಾಯಿ ಕೇಳಿದರೆ ಹೀಗೆ ಹೇಳಿ, ಹೆಂಡತಿ ಕೇಳಿದರೆ ಹೀಗೆ ಹೇಳಿ ಎಂದು ಹೇಳಿಕಳಿಸುವ ಹಾಡು. ಝಲಕಮಾನ್ 2003ರಲ್ಲಿ ತೀರಿಕೊಂಡರು. ಗೂರ್ಖಾ ಪಡೆಗೆ ಮಗನನ್ನು ಕಳಿಸಿದ ಯಾವ ತಾಯಿ ಆ ಹಾಡು ಕೇಳಿ ಅಳಲಿಲ್ಲ? ದನಿ ರೇಡಿಯೋದಲ್ಲಿ ಅಡುಗೆಮನೆಯವರೆಗೂ ಬಂತು. ದನಿಯನ್ನು ತಡೆಯಲು ಹೊಸ್ತಿಲಿಲ್ಲವಲ್ಲ.

ವಾದ್ಯಗಳ ಮಾತು ಬಂದದ್ದರಿಂದ ಇನ್ನೊಂದು. ಅವರ ಮುರ್ಚುಂಗಾ ನಮ್ಮ ಕಚೇರಿಗಳ ಮೋರ್ಸಿಂಗೇ, ಹೆಸರಿನಲ್ಲೂ ಅಕ್ಕತಂಗಿಯರು. ಮಾದಲ್ ಎಂಬ ಕೈಮದ್ದಳೆಯ ಸದ್ದನ್ನೋ, ನಾವು ಹೆಸರು ಗೊತ್ತಿಲ್ಲದೆ ಕೇಳಿಯಾಗಿದೆ. ಆರ್.ಡಿ. ಬರ್ಮನ್ ಅವರ ಹಿಂದಿ ಚಿತ್ರಗೀತೆಗಳಲ್ಲಿ ಡಾರ್ಜಿಲಿಂಗಿನ ರಂಜಿತ್ ಗಜ್ಮೇರ್ ನುಡಿಸಿದ್ದು ಅದನ್ನೇ.

ನಾನು ಮತ್ತೆ ಪೋಖರಾಕ್ಕೆ ಹೋದದ್ದು 2017ರಲ್ಲಿ, ತಂಗಿಯ ಸಂಸಾರ ಅಲ್ಲಿಂದ ಹೊರಡುವ ಮೊದಲು. ಅಷ್ಟರಲ್ಲಿ ದೇಶವೇ ಬದಲಾಗಿತ್ತು. 2008ರಲ್ಲಿ ಅರಸೊತ್ತಿಗೆ ಹೋಗಿತ್ತು. ಅದಕ್ಕೆ ಮುಂಚಿನ ಚಳವಳಿಯ ದಿನಗಳಲ್ಲಿ ಶ್ರವಣ್ ಮುಕಾರುಂಗ್ ಎಂಬ ಕವಿಯ ಒಂದು ಪದ್ಯ ಸಭೆ ಸಭೆಗಳಲ್ಲಿ ಮೊಳಗಿತ್ತಂತೆ. ಅದರಲ್ಲಿ ಅರಸನ ಎದುರು ಮಾತಾಡುವವನು ಬಿಸೆ ನಗರ್ಚಿ. ಗೋರ್ಖಾದ ಪೃಥ್ವೀನಾರಾಯಣ ಶಾಹನಿಗೆ ಯುದ್ಧಕ್ಕೆ ಹಣವಿಲ್ಲದಾಗ, ಮನೆಗೆ ಒಂದೊಂದು ರೂಪಾಯಿ ಎತ್ತಿ ಎಂದು ಉಪಾಯ ಹೇಳಿ, ತನ್ನ ರೂಪಾಯಿಯನ್ನೇ ಮೊದಲು ಇಟ್ಟವನು ಈ ಬಿಸೆ ಎಂದು ಅಲ್ಲಿಯ ಮಕ್ಕಳಿಗೂ ಗೊತ್ತು. ಅವನೂ ನಗಾರಿ ಬಾರಿಸುವ, ಬಟ್ಟೆ ಹೊಲಿಯುವ ಕುಲದವನೇ.

ಓಣಿಯ ಬಾಯಲ್ಲಿ ಅಂಗಡಿ ಹಾಗೆಯೇ ಇತ್ತು. ಮಾಸ್ಟರ್ ಇರಲಿಲ್ಲ, ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಗಳು ಕೂತಿದ್ದಳು. ಅವಳಿಗೆ ನನ್ನ ನೆನಪಿಲ್ಲ. ನಾನು ನೋಡಿದಾಗ ಅವಳು ಚೂರು ಬಟ್ಟೆಗಳಲ್ಲಿ ಗೊಂಬೆ ಮಾಡುತ್ತಿದ್ದ ಮಗು. ಅಣ್ಣ ಮಲೇಶಿಯಾದಲ್ಲಿ ದುಡಿಯುತ್ತಿದ್ದಾನೆ, ಸನಾಯಿ ಕಲಿಯಲೇ ಇಲ್ಲ ಎಂದಳು. ರೆಡಿಮೇಡ್ ಬಂದು ಹೊಲಿಗೆಯೂ ಅರ್ಧಕ್ಕರ್ಧ ಇಳಿದಿದೆ. ಗೋಡೆಯ ಮೊಳೆಯಲ್ಲಿ ಅಪ್ಪನ ಟ್ಯಾಮ್ಕೋ ತೂಗುತ್ತಿತ್ತು. ಈ ಬಾಜಾ ಕಳೆದುಹೋಗಬಾರದು ಎಂದು ನಾನೂ ಎಲ್ಲರ ಹಾಗೆ ಹೇಳಿದೆ.

ಅವಳು ಕತ್ತರಿ ಕೆಳಗಿಟ್ಟಳು. "ಹೌದು ದೀದಿ, ಎಲ್ಲರೂ ಹಾಗೇ ಹೇಳ್ತಾರೆ. ದೊಡ್ಡವರು ಬರುವಾಗ ನಮ್ಮನ್ನ ಸಾಲಾಗಿ ನಿಲ್ಲಿಸಿ ಬಾರಿಸ್ತಾರೆ, ಫೋಟೋ ತೆಗೀತಾರೆ. ನಮ್ಮ ಸಂಸ್ಕೃತಿ ಅಂತಾರೆ. ನಾಳೆ ಅವರ ಮನೇಲೇ ಬಾಡಿಗೆಗೆ ರೂಮು ಕೇಳಿದರೆ, ನಿಮ್ಮ ಥರ್ ಏನು ಅಂತಾರೆ." ಥರ್ ಎಂದರೆ ಮನೆತನದ ಹೆಸರು, ಹೆಸರು ಹೇಳಿದರೆ ಜಾತಿ ಹೇಳಿದ ಹಾಗೆ. ಹೆಸರು ಕೇಳಿದ ಮೇಲೆ ರೂಮು ಖಾಲಿಯಿರುವುದಿಲ್ಲ. ಅವಳು ಉತ್ಪ್ರೇಕ್ಷೆ ಮಾಡಿರಲಿಲ್ಲ. 2021ರಲ್ಲಿ ಕಾಠ್ಮಂಡುವಿನಲ್ಲಿ ಒಬ್ಬ ಪತ್ರಕರ್ತೆಗೆ ಜಾತಿ ತಿಳಿದ ಮೇಲೆ ಮನೆ ಬಾಡಿಗೆಗೆ ಕೊಡಲಿಲ್ಲವೆಂದು ದೂರು ದಾಖಲಾಗಿ ದೇಶವೆಲ್ಲ ಅದರ ಚರ್ಚೆ ನಡೆಯಿತು.

ಕರಕುಶಲ ಕಲೆ ನಶಿಸುತ್ತಿದೆ ಎಂದು ನಾವು ಮರುಗುವಾಗ ಅದು ಯಾರಿಂದ ನಶಿಸುತ್ತಿದೆ ಎಂದು ಕೇಳುವುದಿಲ್ಲ. ಯಂತ್ರವೆನ್ನುತ್ತೇವೆ, ಚೀನಾದ ಮಾಲು ಎನ್ನುತ್ತೇವೆ. ವಾದ್ಯ ಹಿಡಿದ ಕೂಡಲೇ ಜಾತಿ ಗೊತ್ತಾಗುತ್ತದೆ ಎಂಬ ಕಾರಣಕ್ಕೆ ಒಬ್ಬ ಹುಡುಗ ಅದನ್ನು ಕೆಳಗಿಟ್ಟು ಮಲೇಶಿಯಾದ ವಿಮಾನ ಹತ್ತಿದರೆ, ಅವನನ್ನು ಬೇಡವೆನ್ನಲು ನಾನು ಯಾರು?

"ಹಾಗಾದರೆ ಟ್ಯಾಮ್ಕೋ ಯಾಕೆ ಇಟ್ಟುಕೊಂಡಿದ್ದೀ ಬೈನಿ?" ಎಂದೆ.

"ನಾನೇ ಬಾರಿಸ್ತೀನಲ್ಲ" ಎಂದಳು. ಹೆಂಗಸರೇ ಕೂಡಿದ ಒಂದು ನೌಮತಿ ಮೇಳವಿದೆ, ಅದರಲ್ಲಿದ್ದೇನೆ ಎಂದಳು. ಅಪ್ಪನ ಕಾಲದಲ್ಲಿ ಹೆಂಗಸರು ಇದನ್ನು ಮುಟ್ಟುತ್ತಿರಲಿಲ್ಲ. ಬೇರೆ ಜಾತಿಯ ಹುಡುಗಿಯರೂ ಇಬ್ಬರು ಕಲಿಯಲು ಬಂದಿದ್ದಾರೆ. ಕರೆಯಲು ಬಂದವರಿಗೆ ದುಡ್ಡಿನ ಮಾತಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತಾರಂತೆ: ಊಟ ನೆಂಟರ ಪಂಕ್ತಿಯಲ್ಲಿ, ನೆಂಟರ ಜೊತೆಯಲ್ಲೇ. "ಒಪ್ಪದವರು?" ಎಂದು ಕೇಳಿದೆ. "ಅವರು ಸಿ.ಡಿ. ಹಾಕ್ಕೊಳ್ತಾರೆ."

ನಾನು ಒಂದು ಚೌಬಂದಿ ಹೊಲಿಸಿಕೊಳ್ಳಬೇಕೆಂದು ಢಾಕಾ ಬಟ್ಟೆ ತಂದಿದ್ದೆ. ಅವಳು ಅಪ್ಪನ ಹಾಗೆಯೇ ಟೇಪನ್ನು ಕೊರಳಿನಿಂದ ಎಳೆದು, ತೋಳು, ಎದೆ, ಸೊಂಟ ಅಳೆದು ಪುಸ್ತಕದಲ್ಲಿ ಬರೆದುಕೊಂಡಳು. ಹುಕ್ಕು ಇಡಲೋ, ಝಿಪ್ಪು ಇಡಲೋ ಎಂದು ಕೇಳಿದಳು. ಕಸೆಯೇ ಇರಲಿ, ನಾಲ್ಕೂ ಬೇಕು ಎಂದೆ. "ಕಸೆ ಈಗ ಬರೀ ತೋರಿಕೆಗೆ ದೀದಿ. ನಾವು ಯಾರೂ ಕಟ್ಟಲ್ಲ. ಅವಸರದಲ್ಲಿ ಗಂಟು ಬೀಳುತ್ತೆ" ಎಂದು ನಕ್ಕು, ನನ್ನ ಹೆಸರಿನ ಮುಂದೆ "ಕಸೆ, ನಾಲ್ಕು" ಎಂದು ಬರೆದು, ಬುಧವಾರ ಸಂಜೆ ಬರಲು ಹೇಳಿದಳು.